ಫರಸಿ ತಟ್ಟುವ ಕಾಕಾ ಗುಲಬರ್ಗಾದ ಡಾಕ್ಟರನ್ನು ಪರೀಕ್ಷಿಸಿದ್ದು

ನಮ್ಮ ಕಾಕಾ ರಾವೂರಿನ ಕಲ್ಲಿನ ಖಣಿಯಲ್ಲಿ ಕೂಲಿಯವರ ಮೇಲಿನ ಮುಕಾದಮನಾಗಿದ್ದ. ನೆಲಕ್ಕೆ ಹಾಸುವ ಫರಸಿಯನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ, ಸಪ್ಪಳ ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ತಪ್ಪಿದ್ದು ನಾನು ನೋಡಿಲ್ಲ. ಅದಕ್ಕೇ ಅವನದೊಂದು ಹಟ: ಕಸಬು ಬಲ್ಲವನಿಗೆ ಯಾರೂ ಬಾಯಿಬಿಟ್ಟು ಏನೂ ಹೇಳಬಾರದು.

ಹಿಂದೊಮ್ಮೆ ಅವನ ಎದೆಯೊಳಗೆ ಗಂಟು ಬೆಳೆದು, ಹೈದರಾಬಾದಿನ ದವಾಖಾನೆಯಲ್ಲಿ ತಿಂಗಳುಗಟ್ಟಲೆ ಕರೆಂಟ್ ಕೊಟ್ಟಿದ್ದರು. ವಿಕಿರಣ ಎಂಬ ಶಬ್ದ ಆಗ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಗಂಟು ಕರಗಿತು, ಕಾಕಾ ಉಳಿದ. ಮುಂದೆ ಹದಿನೈದು ವರ್ಷ, ವಾಡಿ ಸ್ಟೇಷನ್ನಿನಲ್ಲಿ ಚಹಾ ಕುಡಿಯಲು ಕುಳಿತ ಪರವೂರಿನವರಿಗೂ ಆ ಕರೆಂಟಿನ ಕಥೆ ಹೇಳದೆ ಬಿಟ್ಟವನಲ್ಲ.

ಅವನ ವಯಸ್ಸು ನಲವತ್ತೈದರ ಸುಮಾರಿಗೆ ಬಂದಾಗ ಸ್ಟೇಷನ್ನಿನ ಸೇತುವೆ ಹತ್ತಿದರೆ ಎದೆ ಹಿಡಿಯತೊಡಗಿತು. ಕಾಕಿಯೂ ನಾನೂ ಅವನನ್ನು ಗುಲಬರ್ಗಾದ ಹೃದಯದ ಡಾಕ್ಟರ ಹತ್ತಿರ ಕರೆದೊಯ್ದೆವು.

"ಬೀಡಿ ಸೇದ್ತೀರೇನು?"

"ಇಲ್ಲರಿ."

"ಶೆರೆ? ಸಕ್ಕರಿ ಬ್ಯಾನಿ?"

"ಇಲ್ಲರಿ."

"ಹಿಂದ ಏನರ ದೊಡ್ಡ ಬ್ಯಾನಿ ಆಗಿತ್ತೇನು?"

ಕಾಕಾ ಗೋಡೆಯ ಕ್ಯಾಲೆಂಡರ್ ನೋಡಿದ. "ನೀವೇ ನೋಡ್ರಿ."

"ಕಾಕಾ, ಕರೆಂಟ್ ಕೊಟ್ಟದ್ದು ಹೇಳು," ಎಂದು ಪಿಸುಗುಟ್ಟಿದೆ.

"ಸುಮ್ಮ ಕುಂದ್ರು. ಎದಿ ತಟ್ಟ್ಯಾನ, ಕಿವಿ ಹಚ್ಚ್ಯಾನ. ಹೇಳಲಿ. ಕಲ್ಲೇನು ನನಗ ಬಾಯಿ ಬಿಟ್ಟು ಹೇಳತದ?"

ಎದೆಗೆ ತಂತಿ ಹಚ್ಚಿ ತೆಗೆದ ಪಟ್ಟಿಯಲ್ಲೂ ದೊಡ್ಡದೇನೂ ಕಾಣಲಿಲ್ಲ. ಕಲ್ಲು ಎತ್ತಿ ಎತ್ತಿ ಸ್ನಾಯು ಹಿಡಿದಿರಬೇಕೆಂದು ಡಾಕ್ಟರು ಮುಲಾಮು ಬರೆದರು. ಕಾಕಾ ಗೆದ್ದವನಂತೆ ಎದ್ದು ನಿಂತ. "ನಡ್ರಿ. ಇವನಿಗಿ ಕಸಬು ಬರಾಂಗಿಲ್ಲ."

ಕಾಕಿ ಸಿಡಿದಳು. "ಡಾಕ್ಟರ್ ಸಾಬ್, ಹದಿನೈದು ವರ್ಷದ ಹಿಂದ ಇವ್ರ ಎದಿಗಿ ಕರೆಂಟ್ ಕೊಟ್ಟಾರ! ಚಹಾದಂಗಡಿಯವಗ ಗೊತ್ತದ, ಟಿಕೀಟ್ ಕೊಡಾವಗ ಗೊತ್ತದ, ನಿಮಗೊಬ್ಬರಿಗೇ ಗೊತ್ತಿಲ್ಲ!"

ಡಾಕ್ಟರು ಮುಲಾಮಿನ ಚೀಟಿ ಹರಿದು ಹಾಕಿ, ಕಾಕಾನನ್ನು ಮತ್ತೆ ಕೂಡ್ರಿಸಿದರು. ಗಂಟನ್ನು ಸುಟ್ಟ ಕರೆಂಟ್ ಪಕ್ಕದಲ್ಲಿದ್ದ ಹೃದಯಕ್ಕೂ ತಾಗಿರುತ್ತದೆ. ಎಷ್ಟೋ ವರ್ಷದ ಮೇಲೆ ಅದರ ರಕ್ತನಾಳಗಳು ಗಟ್ಟಿಯಾಗಿ ಸಣ್ಣಗಾಗುವುದುಂಟು, ಇದು ಅದೇ ಇರಬೇಕು, ಎಂದರು.

"ಅಂದ್ರ ಉಳಿಸಿದ್ದೂ ಅದೇ, ಈಗ ಹಿಡಕೊಂಡದ್ದೂ ಅದೇ?" ಕಾಕಾನ ದನಿ ಮೊದಲ ಸಲ ಸಣ್ಣದಾಗಿತ್ತು.

"ಉಳಿಸಿದ್ದಕ್ಕೇ ಇವತ್ತು ನನ್ನ ಪರೀಕ್ಷಾ ಮಾಡಾಕ ಬಂದೀರಿ," ಎಂದು ಡಾಕ್ಟರು ನಕ್ಕು, ಗುಳಿಗೆ ಬರೆದು, ಹೈದರಾಬಾದಿನ ದೊಡ್ಡ ದವಾಖಾನೆಗೆ ಪತ್ರವನ್ನೂ ಕೊಟ್ಟರು.

ವಾಪಸು ರೈಲು ಶಹಾಬಾದ ದಾಟಿತು. ಕಾಕಾ ಮೆಲ್ಲಗೆ, "ಹೈದರಾಬಾದಿನ ಡಾಕ್ಟರಾದ್ರೂ ತಾನೇ ಹೇಳತಾನೇನು ನೋಡಮು," ಎಂದ.

ಕಾಕಿ ಪತ್ರವನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. "ಅಲ್ಲಿ ಬಾಯಿ ನಾ ತೆಗೀತೀನಿ. ನೀವು ಎದಿ ಅಷ್ಟೇ ತಗೊಂಡು ಬರ್ರಿ."