ನಾನು ನಿರುದ್ಯೋಗಿ ಎಂದು ಸಾಬೀತು ಮಾಡಿದ್ದು

ನಿರುದ್ಯೋಗಿಯಾಗುವುದು ಸುಲಭ. ಬಿ.ಎ., ಬಿ.ಎಡ್. ಮುಗಿಸಿ ಇಳಕಲ್ಲಿಗೆ ವಾಪಸು ಬಂದರೆ ಸಾಕು. ಆದರೆ ಸರ್ಕಾರದ ಕಾಗದದಲ್ಲಿ ನಿರುದ್ಯೋಗಿಯಾಗಿ ಉಳಿಯಲು ಎಷ್ಟು ದುಡಿಯಬೇಕೆಂಬುದು ನನಗೆ ಎಂಬತ್ತರ ದಶಕದ ಆರಂಭದಲ್ಲಿ ತಿಳಿಯಿತು. ಆ ದುಡಿಮೆಗೇ ಸಂಬಳ ಕೊಟ್ಟಿದ್ದರೆ ನಾನು ನಿರುದ್ಯೋಗಿಯಾಗಿ ಇರುತ್ತಲೇ ಇರಲಿಲ್ಲ.

ಬಾಗಲಕೋಟೆಯ ಕಚೇರಿಯೊಂದರಲ್ಲಿ ಕೆಲಸ ಬೇಡುವವರ ಪಟ್ಟಿಯಲ್ಲಿ ನನ್ನ ಹೆಸರು ನಾಲ್ಕು ವರ್ಷದಿಂದ ಇತ್ತು. ಪದವೀಧರರಿಗೆಂದು ತಿಂಗಳಿಗೊಂದಿಷ್ಟು ಭತ್ಯೆಯೂ ಬರುತ್ತಿತ್ತು. ಅದನ್ನು ತರಲು ಹೋಗಿಬರುವ ಬಸ್ ಚಾರ್ಜಿಗೆ ಮತ್ತು ಒಂದು ಕಪ್ ಚಹಾಕ್ಕೆ ಅದು ಬಹಳ ಉಪಯೋಗವಾಗುತ್ತಿತ್ತು. ಭತ್ಯೆ ಹಾಳಾಗಿ ಹೋಗಲಿ, ನನಗೆ ಬೇಕಾಗಿದ್ದದ್ದು ಸರತಿ. ಬಾದಾಮಿ ಕಡೆಯ ಹೈಸ್ಕೂಲುಗಳಿಗೆ ಟೀಚರುಗಳನ್ನು ಕರೆಯುತ್ತಾರೆಂಬ ಸುದ್ದಿ ಇತ್ತು, ನನ್ನ ಸರತಿ ಹತ್ತಿರ ಬಂದಿತ್ತು. ವರ್ಷಕ್ಕೊಮ್ಮೆ ಕೊಡುವ ಆದಾಯದ ವಿವರ ಆ ತಿಂಗಳೊಳಗೆ ಒಪ್ಪಿಗೆಯಾಗದಿದ್ದರೆ ಹೆಸರನ್ನು ಹೊಡೆದುಹಾಕಿ ಪಟ್ಟಿಯ ತಳಕ್ಕೆ ಸೇರಿಸುತ್ತಿದ್ದರು. ನಾಲ್ಕು ವರ್ಷ ಕಾದದ್ದೆಲ್ಲ ನೀರುಪಾಲು.

ಮೊದಲ ಸಲ ‘ಆದಾಯ: ಇಲ್ಲ’ ಎಂದು ಬರೆದು ಕಳಿಸಿದೆ. ಕೆಂಪು ಶಾಯಿಯಲ್ಲಿ ‘ತಾಳೆಯಾಗುವುದಿಲ್ಲ’ ಎಂದು ಬರೆಸಿಕೊಂಡು ಅದು ಮನೆಗೆ ಮರಳಿತು. ಬಸ್ಸು ಹತ್ತಿ ಹೋಗಿ ಕೇಳಿದರೆ ಗುಮಾಸ್ತರಿಗೆ ನನಗಿಂತ ಹೆಚ್ಚು ನೋವಾಗಿತ್ತು.

“ನಾವ ನಿಮಗ ಭತ್ಯೆ ಕೊಡ್ತೇವಿ, ನೀವು ಆದಾಯ ಇಲ್ಲ ಅಂತ ಬರೀತೀರಿ. ನಮ್ಮ ರೊಕ್ಕ ರೊಕ್ಕ ಅಲ್ಲೇನ್ರಿ?”

ಖರೆ ಮಾತು. ಎರಡನೆಯ ಸಲ ಭತ್ಯೆಯನ್ನೇ ಆದಾಯವೆಂದು ತೋರಿಸಿದೆ. ಅದೂ ಮರಳಿತು. ಅರ್ಜಿದಾರರಿಗೆ ಆದಾಯ ಇರುವುದರಿಂದ ಅವರನ್ನು ನಿರುದ್ಯೋಗಿ ಎಂದು ಪರಿಗಣಿಸಲಾಗದಂತೆ. ಮತ್ತೆ ಬಸ್ಸು, ಮತ್ತೆ ಅದೇ ಗುಮಾಸ್ತರು.

“ನನಗ ಆದಾಯ ಇಲ್ಲ ಅಂತನ ನೀವು ಅದನ್ನ ಕೊಟ್ಟದ್ದಲ್ರಿ?” ಎಂದೆ.

ಅವರು ಪೆನ್ನು ಕೆಳಗಿಟ್ಟರು. “ಭಾಳ ಶ್ಯಾಣ್ಯಾರದೀರಿ ನೀವು. ಹಿಂಗ ಮಾಡ್ರಿ. ಭತ್ಯೆ ಬಿಟ್ಟು ಬ್ಯಾರೆ ದುಡಿಮಿ ಇಲ್ಲ ಅಂತ ನಿಮ್ಮ ತಲಾಟಿಯವರ ಕಡೆಯಿಂದ ವರದಿ ಮಾಡಿಸ್ರಿ. ಹುನಗುಂದದಾಗ ಮಾಮಲೇದಾರ ಕಚೇರಿ ಸಿಕ್ಕಾ ಹಾಕಿಸಿ ತರ್ರಿ.”

ತಲಾಟಿ ಎಂದರೆ ನಮ್ಮೂರ ಗ್ರಾಮಲೆಕ್ಕಿಗರು. ಅವರ ಹಿಂದೆ ಮೂರು ದಿನ ಅಲೆದ ಮೇಲೆ ಅವರು ಮನೆಗೆ ಬರುವ ಕೃಪೆ ಮಾಡಿದರು. ನಮ್ಮದು ನೇಕಾರರ ಮನೆ. ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ನಮ್ಮೂರ ಸೀರೆಯ ಒಡಲೇ ಬೇರೆ, ಸೆರಗೇ ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೈಯಿಂದಲೇ ಕೊಂಡಿ ಹಾಕಿ ಕೂಡಿಸಬೇಕು. ಸೀರೆಗೆ ಸಾವಿರಾರು ಕೊಂಡಿ. ಇದು ಹೆಂಗಸರ ಪಾಲಿನದು, ಆದ್ದರಿಂದ ಇದಕ್ಕೆ ಕೆಲಸ ಎಂಬ ಹೆಸರಿರಲಿಲ್ಲ. ತಲಾಟಿಯವರು ಬಂದಾಗ ನಾನು, ಅವ್ವ ಇಬ್ಬರೂ ಕೊಂಡಿ ಹಾಕುತ್ತ ಕೂತಿದ್ದೆವು. ನಾನು ಎದ್ದು ನಿಂತು, ನಿರುದ್ಯೋಗಿಗೆ ತಕ್ಕ ಮುಖ ಮಾಡಿಕೊಂಡೆ.

ಅಷ್ಟರಲ್ಲಿ ಅಪ್ಪ ಬಾಯಿ ತೆಗೆದ. ಮನೆಗೆ ಬಂದವರ ಮುಂದೆ ಮಗಳನ್ನು ಹೊಗಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

“ಬಿ.ಎ. ಕಲ್ತಾಳಂತ ಸೊಕ್ಕಿಲ್ರಿ ನಮ್ಮ ಹುಡುಗಿಗೆ. ಹಿಂಗ ಕೊಂಡಿ ಹಾಕೂದ್ರಾಗ ಅಕಿನ್ನ ಮೀರಸವರು ಈ ಓಣ್ಯಾಗ ಯಾರೂ ಇಲ್ಲ. ಅಕಿ ಇಲ್ಲಂದ್ರ ನನ್ನ ಮಗ್ಗ ನಿಂತ ಹೊಕ್ಕೈತಿ ನೋಡ್ರಿ.”

ತಲಾಟಿಯವರು ಚಹಾ ಕುಡಿದು, ಅಪ್ಪನ ಮಾತನ್ನು ಒಳ್ಳೆಯ ಕನ್ನಡಕ್ಕೆ ತಿರುಗಿಸಿ ಬರೆದುಕೊಂಡು ಹೋದರು: ‘ಅರ್ಜಿದಾರಳು ನೇಯ್ಗೆ ಉದ್ಯೋಗದಲ್ಲಿ ನಿರತಳಾಗಿದ್ದಾಳೆ.’ ಅರ್ಜಿ ಮೂರನೆಯ ಸಲ ಮರಳಿತು. ತಿಂಗಳು ಮುಗಿಯಲು ಐದು ದಿನ ಉಳಿದಿತ್ತು.

“ನಿನ್ನ ಯಾರು ಕೇಳಿದ್ರಪಾ?” ಎಂದು ನಾನು ಅಪ್ಪನ ಮೇಲೆ ಹರಿಹಾಯ್ದೆ.

“ಮತ್ತ ನನ್ನ ಮಗಳಿಗೆ ಏನೂ ಬರಂಗಿಲ್ಲ ಅಂತ ಹೇಳ್ಲೇನು?”

ಹೌದು, ಅದನ್ನೇ ಹೇಳಬೇಕಾಗಿತ್ತು. ತಲಾಟಿಯವರ ಬಳಿ ಓಡಿದೆ. ಮನೆಯ ಯಜಮಾನರು ಲಿಖಿತ ಹೇಳಿಕೆ ಕೊಟ್ಟರೆ ವರದಿ ತಿದ್ದಬಹುದು ಎಂದರು. ದೊಡ್ಡ ಮನಸ್ಸು. ಜೊತೆಗೆ ಒಂದು ಕಿವಿಮಾತನ್ನೂ ಹೇಳಿದರು: “ನಿಮ್ಮೊಬ್ಬರದ ಬರೀಬ್ಯಾಡ್ರಿ. ಅವ್ವ ಮಾಡ್ತಾಳ ಅಂದ್ರ ಮಗಳೂ ಮಾಡ್ತಾಳ ಅಂತ ಅಲ್ಲಿ ಮತ್ತ ತಕರಾರು ತಗೀತಾರ. ಮನ್ಯಾಗಿನ ಹೆಣ್ಣಮಕ್ಕಳು ಯಾರೂ ಏನೂ ಮಾಡಂಗಿಲ್ಲ ಅಂತ ಬರದು ಬಿಡ್ರಿ, ಮುಗೀತು.”

ಮನೆಗೆ ಬಂದು ಒಂದೇ ಏಟಿಗೆ ಬರೆದು ಮುಗಿಸಿದೆ. ಕಲಿತದ್ದು ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ. ಅಪ್ಪನಿಗೆ ಸಹಿ ಮಾತ್ರ ಬರುತ್ತಿತ್ತು. ಓದಿ ಹೇಳು ಎಂದ. ಗಟ್ಟಿಯಾಗಿ ಓದಿದೆ: “ನೇಯ್ಗೆಯ ಕೆಲಸವನ್ನೆಲ್ಲ ನಾನೊಬ್ಬನೇ ಮಾಡುತ್ತೇನೆ. ನನ್ನ ಮನೆಯ ಹೆಣ್ಣುಮಕ್ಕಳು ಯಾವ ಕೆಲಸವನ್ನೂ ಮಾಡುವುದಿಲ್ಲ.” ಅಪ್ಪ ಪೆನ್ನು ಹಿಡಿದು ನನ್ನ ಮುಖ ನೋಡಲಿಲ್ಲ, ಅವ್ವನ ಕಡೆ ನೋಡಿದ.

ಅವ್ವ ಮಗ್ಗದ ಮುಂದೆ ಕೂತು ಕೊಂಡಿ ಹಾಕುತ್ತಲೇ ಇದ್ದಳು. ತಲೆ ಎತ್ತಲಿಲ್ಲ.

“ಅದರಾಗ ನನ್ನ ಹೆಸರೂ ಬರಿ,” ಎಂದಳು.

“ಹೆಸರು ಬೇಕಾಗಿಲ್ಲಬೇ, ಹೆಣ್ಣಮಕ್ಕಳು ಅಂದ್ರ ನೀನೂ ಬಂದಿ.”

“ಇರ್ಲಿ ಬರಿ. ಮದಿವ್ಯಾಗಿ ಬಂದಾಗಿಂದ ಕೊಂಡಿ ಹಾಕೇನಿ, ಯಾ ಕಾಗದದಾಗೂ ನನ್ನ ಹೆಸರಿಲ್ಲ. ಇದರಾಗರ ಇರ್ಲಿ.”

ಸಿಟ್ಟಿನಿಂದ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಖರೇನೇ ಕೇಳಿದ್ದಳು. ನನಗೆ ನಾಚಿಕೆಯಾಯಿತು. ಆದರೂ ಕಾಗದ ಹರಿಯಲಿಲ್ಲ. ಬಾದಾಮಿಯ ಹೈಸ್ಕೂಲು ಕಣ್ಣ ಮುಂದಿತ್ತು. ಸಾಲಿನ ಮಧ್ಯೆ ಜಾಗ ಮಾಡಿ ಅವಳ ಪೂರ್ತಿ ಹೆಸರು ಬರೆದೆ. ಅಪ್ಪ ಸಹಿ ಮಾಡಿ ಹೊರಗೆ ಹೋದವನು ಊಟದ ಹೊತ್ತಿಗೂ ಬರಲಿಲ್ಲ.

ಹುನಗುಂದದ ತಾಲೂಕು ಕಚೇರಿಯಲ್ಲಿ ಸಿಕ್ಕಾ ಬಿತ್ತು. ಬಾಗಲಕೋಟೆಯಲ್ಲಿ ಗುಮಾಸ್ತರು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿ, ಅವ್ವನ ಹೆಸರಿನ ಮೇಲೆ ನಿಂತರು.

“ಇವರ್ಯಾರು?”

“ನಮ್ಮವ್ವರಿ.”

“ಏನೂ ಮಾಡಂಗಿಲ್ಲ?”

“ಇಲ್ರಿ,” ಎಂದೆ.

“ಈಗ ತಾಳೆ ಆತು ನೋಡ್ರಿ,” ಎಂದು ಅವರು ಮುದ್ರೆ ಒತ್ತಿದರು.