ಮಗಳು ಬೀಳುವ ಮೈದಾನ

ಅಗರಖೇಡದ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ಕಬಡ್ಡಿ, ಖೊಖೊ ಬಿಟ್ಟರೆ ಬೇರೆ ಆಟ ಕಲಿಸಿದವಳಲ್ಲ. ನಮ್ಮ ಕಬಡ್ಡಿ ತಂಡದಲ್ಲಿ ಕುರಿ ಕಾಯುವವರ ಮಗಳೊಬ್ಬಳಿದ್ದಳು. ಅವಳು ಓಡಿದರೆ ಹಿಡಿಯುವವರಿರಲಿಲ್ಲ. ಜಿಲ್ಲಾ ಕ್ರೀಡಾಕೂಟದಲ್ಲಿ ಅವಳನ್ನು ಕಂಡ ತರಬೇತುದಾರರೊಬ್ಬರು ರಗ್ಬಿ ಆಟಕ್ಕೆ ಕರೆದೊಯ್ದರು. ಅವಳು ಕಾಲೇಜು ಸೇರುವ ಹೊತ್ತಿಗೆ ದೇಶದ ಕಿರಿಯರ ತಂಡಕ್ಕೆ ಆಯ್ಕೆಯಾಗಿದ್ದಳು. ಪಂದ್ಯ ಹೊರದೇಶದ ದೊಡ್ಡ ಸ್ಟೇಡಿಯಂನಲ್ಲಿ.

ಮುಖ್ಯಗುರುಗಳು ನನ್ನನ್ನು ಕರೆದು, "ಟೀಚರ್ರ, ಆ ಸ್ಟೇಡಿಯಂ ಇತಿಹಾಸ ಪ್ರಾರ್ಥನಾದಾಗ ಹುಡುಗ್ರಿಗೆ ಹೇಳ್ರಿ. ನಮ್ಮ ಹುಡುಗಿ ಎಂಥಾ ಜಾಗಾದಾಗ ಆಡಾಕ ಹೊಂಟಾಳ ಅನ್ನೂದು ತಿಳೀಲಿ" ಎಂದರು.

ಸುಲಭದ ಕೆಲಸ ಅಂದುಕೊಂಡು ಫೋನಿನಲ್ಲಿ ಹುಡುಕಲು ಕುಳಿತೆ. ಒಂದು ಕಡೆ ಅದನ್ನು ಫುಟ್‌ಬಾಲಿಗಾಗಿ ಕಟ್ಟಿದರು ಎಂದಿತ್ತು. ಇನ್ನೊಂದು ಕಡೆ, ಮೊದಲು ರಗ್ಬಿ, ಆಮೇಲೆ ಫುಟ್‌ಬಾಲ್ ಎಂದಿತ್ತು. ಮತ್ತೊಂದರ ಪ್ರಕಾರ ಎರಡಕ್ಕೂ ಮುಂಚೆ ಅಲ್ಲಿ ಕುದುರೆ ಓಡಿಸುತ್ತಿದ್ದರು. ಯುದ್ಧದ ಕಾಲಕ್ಕೆ ಸೈನಿಕರು ಡೇರೆ ಹಾಕಿದ್ದರಂತೆ. ಮುಂದೆ ಜನ ಕೂರುವ ಹಳೆಯ ಕಟ್ಟೆಗಳನ್ನೆಲ್ಲ ಕೆಡವಿ, ಮೈದಾನದ ದಿಕ್ಕನ್ನೇ ತಿರುಗಿಸಿ ಹೊಸದಾಗಿ ಕಟ್ಟಿದರಂತೆ. ಹುಲ್ಲು ಸಮವಾಗಿರಲೆಂದು ಪಂದ್ಯಗಳ ನಡುವೆ ಕುರಿ ಮೇಯಿಸುತ್ತಿದ್ದರು ಎಂದೂ ಯಾರೋ ಬರೆದಿದ್ದರು. ಓದಿದಷ್ಟೂ ತಲೆ ಕೆಟ್ಟಿತು. ಕಟ್ಟೆಯೂ ಹೋಗಿ, ದಿಕ್ಕೂ ಹೋದ ಮೇಲೆ ಅದು ಅದೇ ಮೈದಾನ ಹೇಗಾಗುತ್ತದೆ?

ಮರುದಿನ ಹುಡುಗಿಯ ಅಪ್ಪ ಕುರಿಗಳನ್ನು ಶಾಲೆಯ ಹಿಂದಿನ ಬೀಳು ನೆಲದಲ್ಲಿ ಬಿಟ್ಟು ನನ್ನ ಬಳಿ ಬಂದ.

"ಅಕ್ಕಾರ, ನನ್ನ ಮಗಳು ಆಡೂ ಜಾಗಾದ ಬಗ್ಗೆ ನೀವು ಓದೀರಂತಲ್ರಿ?"

"ಓದೇನ್ರಿ ಕಾಕಾ. ಮದಲ ಅಲ್ಲಿ ಕುರಿ ಮೇಯಿಸ್ತಿದ್ರಂತ."

ಅವನ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವನು ಹುಬ್ಬು ಗಂಟಿಕ್ಕಿದ.

"ಯಾರ ಕುರಿ ಇದ್ದುವ್ರಿ?"

"ಅದನ್ನ ಬರದಿಲ್ರಿ."

"ನೆಲಾ ಎರಿನೋ, ಮಸಾರಿನೋ?"

ಕಪ್ಪು ಮಣ್ಣೋ ಕೆಂಪು ಮಣ್ಣೋ ಎಂದು ಯಾವ ಇತಿಹಾಸವೂ ಹೇಳಿರಲಿಲ್ಲ.

"ಯಾಕ ಕೇಳಾಕತ್ತೇನಿ ಅಂದ್ರ, ಈ ಆಟದಾಗ ಒಬ್ರನ್ನೊಬ್ರು ಹಿಡದು ಕೆಡವ್ತಾರಂತ. ಎರಿ ನೆಲಾ ಒಣಗಿತ್ತಂದ್ರ ಮೊಣಕಾಲ ಉಳಿಯೂದಿಲ್ರಿ."

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅಷ್ಟೆಲ್ಲ ಓದಿಯೂ ನನಗೆ ಅದನ್ನು ಹೇಳಲಾಗಲಿಲ್ಲ.

ಪ್ರಾರ್ಥನೆಯ ಹೊತ್ತಿಗೆ ಮೂರೂ ಕಥೆಗಳನ್ನು ಒಂದರ ಹಿಂದೊಂದು ಹೇಳಿಬಿಟ್ಟೆ. ಎಂಟನೆಯ ತರಗತಿಯ ಹುಡುಗಿ ಕೈ ಎತ್ತಿದಳು. "ಹಂಗಾದ್ರ ಅದು ಖರೇ ಯಾವ ಆಟದ ಗ್ರೌಂಡ್ರಿ ಟೀಚರ?"

"ನನಗೂ ಗೊತ್ತಾಗವಲ್ದವಾ" ಎಂದೆ. ಮುಖ್ಯಗುರುಗಳು ಕೆಮ್ಮಿ, ರಾಷ್ಟ್ರಗೀತೆ ಶುರು ಮಾಡಿಸಿದರು.

ಪಂದ್ಯದ ದಿನ ಕಂಪ್ಯೂಟರ್ ಕೋಣೆಯಲ್ಲಿ ಪರದೆ ಕಟ್ಟಿದೆವು. ಹುಡುಗಿಯ ಅಪ್ಪ, ಅವ್ವ ಮುಂದೆಯೇ ಕುಳಿತರು. ಮೈದಾನದ ತುಂಬ ಗೆರೆಗಳು. ರಗ್ಬಿಯ ಬಿಳಿ ಗೆರೆಗಳ ಕೆಳಗೆ ಫುಟ್‌ಬಾಲಿನ ಅಳಿಸಿದ ಗೆರೆಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು. ಯಾವ ಗೆರೆ ಯಾವ ಆಟದ್ದೆಂದು ಹುಡುಗರು ನನ್ನನ್ನು ಕೇಳಿದರು.

"ಮುಂದ ಹೋಗಬೇಕಂದ್ರ ಚೆಂಡು ಹಿಂದ್ಯಾಕ ಒಗೀತಾರವ್ವಾ?" ಎಂದಳು ಹುಡುಗಿಯ ಅವ್ವ.

ಅಷ್ಟರಲ್ಲಿ ನಮ್ಮ ಹುಡುಗಿಯನ್ನು ಇಬ್ಬರು ಹಿಡಿದು ಕೆಡವಿದರು. ಅಪ್ಪ ಧಡಕ್ಕನೆ ಎದ್ದು ನಿಂತ. ಅವಳು ಎದ್ದು ಮತ್ತೆ ಓಡುವವರೆಗೆ ಅವನು ಕುಳಿತುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಚೆಂಡು ಅವಳ ಕೈಗೆ ಬಂತು. ಮೈದಾನದ ಅಂಚು ಹಿಡಿದು ಓಡಿ, ಕೊನೆಯ ಗೆರೆ ದಾಟಿ, ಚೆಂಡಿನ ಸಮೇತ ನೆಲಕ್ಕೆ ಬಿದ್ದಳು. ರೆಫರಿ ಕೈ ಎತ್ತಿದರು. ತಪ್ಪಾಯಿತೆಂದು ನಾನು ಹಣೆಗೆ ಕೈ ಹಚ್ಚಿದೆ. ಹುಡುಗರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ನೆಟ್‌ವರ್ಕ್ ಹೋಯಿತು. ಮತ್ತೆ ಬಂದಾಗ ಎದುರಿನ ತಂಡ ಕುಣಿಯುತ್ತಿತ್ತು.

"ಗೆದ್ವೇನ್ರಿ ಅಕ್ಕಾರ?"

"ತಿಳೀವಲ್ದ್ರಿ ಕಾಕಾ."

ಸಂಜೆ ನಾವಿನ್ನೂ ಶಾಲೆಯಲ್ಲಿದ್ದಾಗ ಅವಳೇ ನನಗೆ ಫೋನ್ ಮಾಡಿದಳು. ಸೋತಿದ್ದರು. ಆದರೆ ಅವಳು ಬಿದ್ದದ್ದಕ್ಕೆ ಐದು ಪಾಯಿಂಟ್ ಸಿಕ್ಕಿತ್ತು. ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಬಿದ್ರ ಪಾಯಿಂಟ್ ಕೊಡ್ತಾರೇನ?"

"ಗೆರಿ ದಾಟಿ ಬೀಳಬೇಕಪಾ, ಚೆಂಡ ನೆಲಕ್ಕ ಹಚ್ಚಬೇಕು."

"ನೆಲಾ ಹೆಂಗೈತಿ?"

"ಮೆತ್ತಗೈತಿ. ನನಗೇನೂ ಆಗಿಲ್ಲ."

ಅವನು ಫೋನನ್ನು ನನ್ನ ಕೈಗಿತ್ತು, ಕಣ್ಣು ಒರೆಸಿಕೊಂಡು ನಕ್ಕ. ಅವನು ಅತ್ತದ್ದು ಸೋತದ್ದಕ್ಕೋ, ಪಾಯಿಂಟಿಗೋ, ಮೆತ್ತಗಿನ ನೆಲಕ್ಕೋ, ನಾನು ಕೇಳಲಿಲ್ಲ.

ಈಗ ರಜೆಗೆ ಬಂದಾಗಲೆಲ್ಲ ಅವಳು ನಮ್ಮ ಹುಡುಗಿಯರಿಗೆ ರಗ್ಬಿ ಕಲಿಸುತ್ತಾಳೆ. ಕಬಡ್ಡಿ ಅಂಕಣವನ್ನು ಅಗೆದು ಉಸುಕು ಹಾಕಿಸಿದ್ದೇವೆ. ಸೀಟಿ ನನ್ನ ಕೈಯಲ್ಲೇ ಇರುತ್ತದೆ. ಏನೋ ತಪ್ಪಾಯಿತೆನ್ನಿಸಿದಾಗ ಊದುತ್ತೇನೆ. ಹುಡುಗಿಯರೆಲ್ಲ ನಿಂತು ಯಾಕೆ ಎಂದು ನನ್ನ ಮುಖ ನೋಡುತ್ತಾರೆ. ನಾನು ಅವಳ ಮುಖ ನೋಡುತ್ತೇನೆ.