ದೊಡ್ಡ ಮನೆಯ ಅವ್ವನ ಫೋಟೋ

ಎಂಬತ್ತರ ದಶಕದಲ್ಲಿ ಕೊಳ್ಳೇಗಾಲದ ನನ್ನ ಸ್ಟುಡಿಯೋಗೆ ಸುತ್ತಲ ದೊಡ್ಡ ಮನೆಗಳವರೆಲ್ಲ ಬರುತ್ತಿದ್ದರು. ರೇಷ್ಮೆ ವ್ಯಾಪಾರಿಗಳು, ಜಮೀನ್ದಾರರು, ಪುಢಾರಿಗಳು. ಕ್ಯಾಮೆರಾ ಮುಂದೆ ಕೂತಾಗ ನಾನು ಗಲ್ಲ ಎತ್ತಿ ಎಂದರೆ ಎತ್ತುತ್ತಿದ್ದರು. ಎದ್ದ ಕೂಡಲೇ ನನ್ನನ್ನು ‘ಲೇ’ ಎನ್ನುತ್ತಿದ್ದರು. ಅವರಲ್ಲಿ ಒಬ್ಬರನ್ನೂ ನಾನು ಇಷ್ಟಪಟ್ಟವನಲ್ಲ. ಮನಸಾರೆ ದ್ವೇಷಿಸಿದ್ದು ಮಾತ್ರ ಯಳಂದೂರು ಕಡೆಯ ಅಣ್ಣತಮ್ಮಂದಿರನ್ನು.

ಅವರಪ್ಪ ನನ್ನನ್ನು ಮನೆಗೇ ಕರೆಸಿ ಗ್ರೂಪ್ ಫೋಟೋ ತೆಗೆಸಿದ್ದರು. ನಡುವೆ ಗಂಡ ಹೆಂಡತಿ, ಅಕ್ಕಪಕ್ಕ ಇಬ್ಬರು ಗಂಡುಮಕ್ಕಳು. ಅಪ್ಪ ತೀರಿಕೊಂಡ ವರ್ಷವೇ ಆ ಮನೆಯ ನಡುವೆ ಗೋಡೆ ಎದ್ದಿತು.

ಮೊದಲು ಬಂದವನು ಅಣ್ಣ. ಫೋಟೋವನ್ನು ಮೇಜಿನ ಮೇಲೆಸೆದು ತಮ್ಮನ ಮುಖದ ಮೇಲೆ ಬೆರಳಿಟ್ಟ.

“ಇವನ್ನ ತಗ್ದಾಕ್ಲಾ. ನಮ್ಮಪ್ಪನ್ ಪಕ್ಕ ನಾನೊಬ್ನೇ ಇರ್ಬೇಕು.”

“ಅವ್ರ ಕೈ ಅಮ್ಮಾವ್ರ ಎಗ್ಲ ಮೇಲದೆ ಸಾ. ಅವ್ರನ್ನ ತಗುದ್ರೆ ಅಮ್ಮಾವ್ರೂ ಅರ್ಧ ಓಯ್ತಾರೆ.”

“ಓಗ್ಲಿ ಬುಡು. ಅವ್ಳೂ ಅವನ್ ಕಡೇನೇ.”

ಮಾಡಲ್ಲ ಅಂದೆ. ಮುಂದಿನ ವಾರ ತಮ್ಮ ಬಂದ. ಅವನಿಗೆ ಅಣ್ಣ ಬೇಡ. ಅವ್ವ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅವನಿಗೂ ಇಲ್ಲ ಅಂದೆ. ಹೊಸಿಲ ಮೇಲೆ ಉಗಿದು ಹೋದ. ನನ್ನ ಹತ್ತಿರ ಹೋಗಬೇಡಿ ಎಂದು ಇಬ್ಬರೂ ನೆಂಟರಿಷ್ಟರಿಗೆಲ್ಲ ಹೇಳಿದರು. ದೊಡ್ಡ ಮನೆಗಳು ಒಂದೊಂದಾಗಿ ಹೊಸ ಕಲರ್ ಲ್ಯಾಬ್ ಕಡೆಗೆ ತಿರುಗಿದವು.

ಕೆಲವು ವರ್ಷಗಳ ಮೇಲೆ ಅವರವ್ವ ಒಬ್ಬರೇ ಬಸ್ಸಿನಲ್ಲಿ ಬಂದರು. ಮೈಮೇಲೆ ಒಂದು ಒಡವೆಯೂ ಇರಲಿಲ್ಲ.

“ನನ್ನೊಬ್ಳುದೇ ಒಂದ್ ಫೋಟ ತಗಿ ಮಗ. ಪಕ್ದಲ್ಲಿ ಯಾರೂ ಬ್ಯಾಡ.”

ಅವರನ್ನು ಕೂರಿಸಿ ದೀಪ ಹಚ್ಚಿದೆ. ಗಲ್ಲ ಎತ್ತಿ ಎನ್ನಬೇಕಾಗಲೇ ಇಲ್ಲ. ಯಾರನ್ನೋ ಬೈಯಲು ಬಾಯಿ ತೆರೆಯುವವರಂತೆ ಲೆನ್ಸನ್ನು ದಿಟ್ಟಿಸಿದರು. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯ ಚಿತ್ರ ಇನ್ನೊಂದು ತೆಗೆದಿಲ್ಲ.

ಹೊರಡುವಾಗ ಹೇಳಿದರು: “ನಾ ಸತ್ಮೇಲೆ ಇಬ್ರೂ ಓಡ್ಬತ್ತಾರೆ, ಈ ಫೋಟನ ಊರ್ ಮುಂದೆ ಇಟ್ಟು ಊವಿನ್ ಆರ ಆಕಕ್ಕೆ. ಕೊಡ್ಬ್ಯಾಡ ಕಣಪ್ಪ.”

ಹಾಗೇ ಆಯಿತು. ಹತ್ತು ವರ್ಷದ ಮೇಲೆ ಅವರು ತೀರಿಕೊಂಡಾಗ ಮಾತು ಬಿಟ್ಟಿದ್ದ ಅಣ್ಣತಮ್ಮ ಒಂದೇ ಕಾರಿನಲ್ಲಿ ಬಂದಿಳಿದರು.

“ಅವ್ವನ್ ಫೋಟ ನಿನ್ನತ್ರ ಅದಂತೆ. ಶಿವಗಣಾರಾಧನೆಗೆ ದೊಡ್ಡದ್ ಮಾಡ್ಕೊಡು.”

“ಕೊಡಲ್ಲ.”

“ಅವ್ಳು ನಮ್ಮವ್ವ ಕಣ್ಲಾ!”

“ಕತ್ತರಿಸು ಅಂದಾಗ ಯಾರವ್ವ ಆಗಿದ್ರು ಸಾ?”

ಅಣ್ಣ ನನ್ನ ಕೊರಳಪಟ್ಟಿ ಹಿಡಿದ. ತಮ್ಮ ದೀಪದ ಸ್ಟ್ಯಾಂಡನ್ನು ಒದ್ದು ಕೆಡವಿದ. ಅಕ್ಕಪಕ್ಕದ ಅಂಗಡಿಯವರು ಬಂದು ಬಿಡಿಸಿದರು.

ಆರಾಧನೆಯ ದಿನ ಕರೆಯದಿದ್ದರೂ ಹೋದೆ. ಗ್ರೂಪ್ ಫೋಟೋವನ್ನು ಇಬ್ಬರೂ ಎಂದೋ ಬೇರೆ ಕಡೆ ಕತ್ತರಿಸಿ ಹಾಳುಮಾಡಿಕೊಂಡಿದ್ದರು; ಓಟಿನ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಕಣ್ಣಿದ್ದ ಜಾಗದಲ್ಲಿ ಎರಡು ಕಪ್ಪು ಮಚ್ಚೆ, ಬಾಯಿ ಇದ್ದಲ್ಲಿ ಒಂದು ಗೀರು. ಬಂದವರು ಇದು ಯಾರದು ಎಂದು ಪಿಸುಗುಟ್ಟುತ್ತಿದ್ದರು. ಅಣ್ಣ ನನ್ನನ್ನು ಕಂಡು ಮುಖ ತಿರುಗಿಸಿದ. ಊಟಕ್ಕೆ ನಿಲ್ಲದೆ ಬಸ್ ಹತ್ತಿದೆ. ದುಃಖವಾಗಬೇಕಿತ್ತು. ಆಗಲಿಲ್ಲ, ಹೊಟ್ಟೆ ತಣ್ಣಗಾಗಿತ್ತು.